ಬರೀ ‘140’ ಎಂದು ಬರೆದು ಕಳಿಸಬೇಡಿ: ಹರಿಕೇನ್ ಕರಾವಳಿಯ ವಿನ್ಯಾಸ ಕಚೇರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಹರಿಕೇನ್ (ಚಂಡಮಾರುತ) ಬೀಸುವ ಅಮೆರಿಕದ ಅಟ್ಲಾಂಟಿಕ್ ಮತ್ತು ಗಲ್ಫ್ ಕರಾವಳಿಯ ಕಟ್ಟಡಗಳಿಗೆ ವಿನ್ಯಾಸ ಮಾಡಿಸುವ ಕಚೇರಿಗಳ ಮುಖ್ಯಸ್ಥರಿಗೆ, ಅಲ್ಲಿ ಡ್ರಾಯಿಂಗುಗಳನ್ನು ಪರಿಶೀಲಿಸುವ ಪ್ಲಾನ್ ರಿವ್ಯೂ ಅಧಿಕಾರಿಗಳಿಗೆ, ಮತ್ತು ಆ ಲೆಕ್ಕಗಳನ್ನು ಕೂತು ಹಾಕುವ ಕನ್ನಡದ ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ

ಮಾನ್ಯರೇ,

ಸ್ಟ್ರಕ್ಚರಲ್ ಡ್ರಾಯಿಂಗುಗಳ ಮೊದಲ ಶೀಟಿನಲ್ಲಿ ಜನರಲ್ ನೋಟ್ಸ್ ಇರುತ್ತದೆ. ಕಾಂಕ್ರೀಟಿನ ಬಲ, ಕಬ್ಬಿಣದ ಗ್ರೇಡು, ಮಹಡಿಯ ಲೈವ್ ಲೋಡ್ ಎಲ್ಲ ಒಂದೊಂದಾಗಿ ಬಂದ ಮೇಲೆ ಗಾಳಿಯ ಸರದಿ. ನಮ್ಮ ಕೈಗೆ ಬರುವ ಎಷ್ಟೋ ಕಡತಗಳಲ್ಲಿ ಅಲ್ಲಿರುವುದು ಒಂದೇ ಸಾಲು: ‘ವಿಂಡ್ – 140 ಎಂಪಿಎಚ್’, ಅಂದರೆ ಗಂಟೆಗೆ 140 ಮೈಲಿ. ಮುಂದೆ ಏನೂ ಇಲ್ಲ. ಯಾವ ಕೋಡಿನ ಯಾವ ಆವೃತ್ತಿ, ಯಾವ ರಿಸ್ಕ್ ಕೆಟಗರಿ (ಕಟ್ಟಡದ ಮಹತ್ವದ ದರ್ಜೆ), ಅಲ್ಟಿಮೇಟ್ ವೇಗವೋ (ಸುರಕ್ಷತೆಯ ಗುಣಕ ಒಳಗೇ ಸೇರಿರುವುದು) ನಾಮಿನಲ್ ವೇಗವೋ (ಸೇರದಿರುವುದು), ಎಕ್ಸ್‌ಪೋಶರ್ (ಸುತ್ತಲಿನ ನೆಲ ಗಾಳಿಗೆ ಎಷ್ಟು ತೆರೆದಿದೆ ಎಂಬುದು) ಯಾವುದು, ಒಂದೂ ತಿಳಿಯುವುದಿಲ್ಲ. ಕೇಳಿದರೆ ‘ಹಿಂದಿನ ಪ್ರಾಜೆಕ್ಟಿನಲ್ಲೂ ಅದೇ ಇತ್ತಲ್ಲ’ ಎಂಬ ಉತ್ತರ ಬರುತ್ತದೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ.

ಕಾಂಕ್ರೀಟಿನ ಬಲವನ್ನು 4000 ಪಿಎಸ್‌ಐ ಎಂದು ಬರೆದರೆ ಯಾವ ಕಾಲದಲ್ಲಿ ಓದಿದರೂ ಅದರ ಅರ್ಥ ಹೆಚ್ಚುಕಡಿಮೆ ಒಂದೇ. ಗಾಳಿಯ ವೇಗ ಹಾಗಲ್ಲ. ಅಮೆರಿಕದಲ್ಲಿ ಅದನ್ನು ಹೇಳುವುದು ಎಎಸ್‌ಸಿಇ 7, ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಘದ ಮಾನಕ; 7-05, 7-10 ಎಂಬಂತೆ ಬರೆದರೆ ಗೆರೆಯ ನಂತರದ್ದು ಆವೃತ್ತಿಯ ವರ್ಷ. 1993ರ ಎಎಸ್‌ಸಿಇ 7ರವರೆಗೆ ವೇಗವೆಂದರೆ ‘ಫಾಸ್ಟೆಸ್ಟ್ ಮೈಲ್’, ಅಂದರೆ ಒಂದು ಮೈಲಿ ಉದ್ದದ ಗಾಳಿ ಮಾಪಕವನ್ನು ದಾಟಿ ಹೋಗಲು ಹಿಡಿದ ಸಮಯದ ಮೇಲಿನ ಸರಾಸರಿ. 1995ರ ಆವೃತ್ತಿಯಿಂದ ಅದು 3 ಸೆಕೆಂಡಿನ ಗಸ್ಟ್ (ಗಾಳಿಯ ಬೀಸು) ಆಯಿತು: ತೆರೆದ ಬಯಲಿನಲ್ಲಿ, ನೆಲದಿಂದ 33 ಅಡಿ ಎತ್ತರದಲ್ಲಿ. 7-05ರವರೆಗೂ ನಕ್ಷೆಯಲ್ಲಿದ್ದದ್ದು ನಾಮಿನಲ್ ವೇಗ. ಅದರಿಂದ ಬಂದ ಒತ್ತಡವನ್ನು 7-05ರಲ್ಲಿ 1.6ರ ಲೋಡ್ ಫ್ಯಾಕ್ಟರಿನಿಂದ (ಸುರಕ್ಷತೆಯ ಗುಣಕ) ಗುಣಿಸಬೇಕಿತ್ತು, ಆಸ್ಪತ್ರೆಯಂಥ ಕಟ್ಟಡಕ್ಕೆ 1.15ರ ಇಂಪಾರ್ಟೆನ್ಸ್ ಫ್ಯಾಕ್ಟರನ್ನೂ ಸೇರಿಸಬೇಕಿತ್ತು. 7-10ರಲ್ಲಿ ಆಟದ ನಿಯಮವೇ ಬದಲಾಯಿತು. ಇಂಪಾರ್ಟೆನ್ಸ್ ಫ್ಯಾಕ್ಟರ್ ಹೋಯಿತು, ಕಟ್ಟಡದ ಮಹತ್ವಕ್ಕೆ ತಕ್ಕಂತೆ ಬೇರೆಬೇರೆ ನಕ್ಷೆಗಳು ಬಂದವು, ಗಾಳಿಯ ಲೋಡ್ ಫ್ಯಾಕ್ಟರ್ 1.0ಕ್ಕೆ ಇಳಿಯಿತು. ಲೋಡ್ ಫ್ಯಾಕ್ಟರಿನಲ್ಲಿದ್ದ ಭಾರವೆಲ್ಲ ನಕ್ಷೆಯ ವೇಗದೊಳಗೇ ಸೇರಿಕೊಂಡಿತು.

ಇದರ ಪರಿಣಾಮವನ್ನು ಒಂದೇ ಅಂಕಿಯ ಮೇಲೆ ನೋಡಿ. ಹಳೆಯ ಕಟ್ಟಡವೊಂದರ ಡ್ರಾಯಿಂಗಿನಲ್ಲಿ 110 ಎಂದಿದೆ, ಅದು ಫಾಸ್ಟೆಸ್ಟ್ ಮೈಲ್ ಕಾಲದ್ದು ಎಂದುಕೊಳ್ಳೋಣ. 3 ಸೆಕೆಂಡಿನ ಗಸ್ಟಿಗೆ ತಂದರೆ ಅದೇ ಗಾಳಿ 126 ಮೈಲಿ ಆಗುತ್ತದೆ. ಅದನ್ನು ಇವತ್ತಿನ ಅಲ್ಟಿಮೇಟ್ ವೇಗದ ಲೆಕ್ಕಕ್ಕೆ ತಂದರೆ, ಅಂದರೆ 0.6ರ ವರ್ಗಮೂಲವಾದ 0.775ರಿಂದ ಭಾಗಿಸಿದರೆ, ಸುಮಾರು 163. ಗಾಳಿ ಒಂದೇ, ಹೆಸರು ಮೂರು. ಆ ಕಟ್ಟಡಕ್ಕೆ ಹೊಸ ಛಾವಣಿ ಹಾಕುವಾಗ ಯಾರೋ ಹಳೆಯ ಶೀಟಿನಿಂದ 110ನ್ನು ಎತ್ತಿಕೊಂಡು ಹೊಸ ಕೋಡಿನ ಸೂತ್ರದಲ್ಲಿ ಇಟ್ಟರೆ ಒತ್ತಡ ಅರ್ಧಕ್ಕೂ ಕೆಳಗೆ ಬೀಳುತ್ತದೆ. ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 163ರ ಎದುರು 110 ಎಂದರೆ ಬರೀ ಶೇ 46. ಸ್ಕ್ರೂ, ಕ್ಲಿಪ್, ಡೆಕ್, ಪರ್ಲಿನ್ ಎಲ್ಲವೂ ಆ ಶೇ 46ರ ಮೇಲೇ ನಿಲ್ಲುತ್ತವೆ, ಡ್ರಾಯಿಂಗಿನಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ.

ತಪ್ಪು ಎರಡೂ ಕಡೆಗೆ ವಾಲುತ್ತದೆ. ಸಾಫ್ಟ್‌ವೇರಿನಲ್ಲಿ ಹಳೆಯ ಟೆಂಪ್ಲೇಟ್ ಉಳಿದಿರುತ್ತದೆ, ಭಾರಗಳನ್ನು ಕೂಡಿಸುವ ಅದರ ಲೋಡ್ ಕಾಂಬಿನೇಶನ್‌ಗಳಲ್ಲಿ ಗಾಳಿಗೆ 1.6 ಇದೆ. ಅದಕ್ಕೆ ಅಲ್ಟಿಮೇಟ್ 140 ತಿನ್ನಿಸಿದರೆ ಇಡೀ ಫ್ರೇಮು ಬೇಕಾದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಗಾಳಿಗೆ ತಯಾರಾಗುತ್ತದೆ. ಮಾಲೀಕನ ದುಡ್ಡು ಹೋಯಿತು, ಜೀವಕ್ಕೇನೂ ಅಪಾಯವಿಲ್ಲ. ಅಪಾಯ ಇರುವುದು ಇನ್ನೊಂದು ದಿಕ್ಕಿನಲ್ಲಿ. ಯಾರೋ 140ನ್ನು ಆಗಲೇ 108ಕ್ಕೆ ಇಳಿಸಿ ‘ವಿಂಡ್ – 108’ ಎಂದು ಬರೆದಿದ್ದಾರೆ, ಅದು ಸರ್ವಿಸ್ ವೇಗ, ಅಂದರೆ ನಾಮಿನಲ್ ಮಟ್ಟದ್ದು, ಎಂದು ಹೇಳಿಲ್ಲ. ಮುಂದಿನವರು ಅದನ್ನೇ ಅಲ್ಟಿಮೇಟ್ ಎಂದು ತಿಳಿದು, ಅಲ್ಟಿಮೇಟ್ ಒತ್ತಡವನ್ನು ಸರ್ವಿಸ್ ಮಟ್ಟಕ್ಕೆ ಇಳಿಸುವ 0.6 ಇರುವ ಕಾಂಬಿನೇಶನ್‌ಗೆ ಹಾಕುತ್ತಾರೆ. 0.6 ಎರಡು ಸಲ ಬಿತ್ತು. ಉಳಿದದ್ದು ಅಲ್ಟಿಮೇಟ್ ಒತ್ತಡದ ಶೇ 36, ಬೇಕಾಗಿದ್ದದ್ದು ಶೇ 60. ಯಾವ ಸಾಫ್ಟ್‌ವೇರೂ ಇದಕ್ಕೆ ಕೆಂಪು ದೀಪ ತೋರಿಸುವುದಿಲ್ಲ, ಏಕೆಂದರೆ 108 ಎಂಬುದೂ ನಂಬುವಂಥ ಅಂಕಿಯೇ.

ನಮ್ಮವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಭಾರತದ ಕೋಡಾದ ಐಎಸ್ 875ರಲ್ಲಿ ಗಾಳಿಗೆಂದೇ ಇರುವ ಮೂರನೆಯ ಭಾಗವನ್ನು ಓದಿ ಬೆಳೆದವರ ಕೈಯಲ್ಲಿ ಒಂದು ಅಭ್ಯಾಸ ಕೂತಿರುತ್ತದೆ. ಅಲ್ಲಿಯದು 50 ವರ್ಷದ ವೇಗ, ಅದರ ಮೇಲೆ ಕೆ1, ಕೆ4ರಂಥ ಗುಣಕಗಳು, ಕೊನೆಗೆ 1.5ರ ಲೋಡ್ ಫ್ಯಾಕ್ಟರ್. 3 ಸೆಕೆಂಡಿನ ಗಸ್ಟ್, 10 ಮೀಟರ್ ಎತ್ತರ ಎರಡೂ ಕಡೆ ಒಂದೇ ಆದ್ದರಿಂದ ಎರಡು ಕೋಡುಗಳೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಎಎಸ್‌ಸಿಇ 7ರ ಇವತ್ತಿನ ನಕ್ಷೆಯಲ್ಲಿ ಸಾಮಾನ್ಯ ಕಟ್ಟಡಕ್ಕೇ 700 ವರ್ಷದ ವೇಗ ಇರುತ್ತದೆ. ಅದಕ್ಕೆ 1.5 ಹಾಕುವುದೂ ತಪ್ಪು, ಕೆ4ರಂಥದ್ದನ್ನು ಹುಡುಕಿ ಸೇರಿಸುವುದೂ ತಪ್ಪು. ಮೀಟರಿನ ಲೆಕ್ಕದಲ್ಲಿ ಯೋಚಿಸುವವರು 140 ಮೈಲಿ ಎಂದರೆ ಸೆಕೆಂಡಿಗೆ 62.6 ಮೀಟರ್ ಎಂದು ನೆನಪಿಟ್ಟರೆ ಸಾಕು, ಗುಣಕಗಳನ್ನು ಮಾತ್ರ ಒಂದು ಕೋಡಿನಿಂದ ಇನ್ನೊಂದಕ್ಕೆ ದಾಟಿಸಬೇಡಿ.

700 ವರ್ಷ ಎಂದ ಕೂಡಲೇ ಮಾಲೀಕರು ನಗುತ್ತಾರೆ, ‘ನನ್ನ ಕಟ್ಟಡ ಅಷ್ಟು ವರ್ಷ ಇರುತ್ತದೆಯೇ?’ ಅಂತ. ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನು ನಾವು ಸರಿಯಾಗಿ ಹೇಳುತ್ತಿಲ್ಲ. ಯಾವುದೇ ಒಂದು ವರ್ಷದಲ್ಲಿ ಆ ವೇಗ ಮೀರುವ ಸಂಭವ 700ರಲ್ಲಿ ಒಂದು ಎಂದು ಅದರ ಅರ್ಥ. ಕಟ್ಟಡ 50 ವರ್ಷ ನಿಂತರೆ ಅಷ್ಟರೊಳಗೆ ಒಮ್ಮೆಯಾದರೂ ಮೀರುವ ಸಂಭವ ಸುಮಾರು ಶೇ 7. ಹಳೆಯ ‘50 ವರ್ಷದ ಗಾಳಿ’ಯನ್ನು ಹಾಗೆಯೇ ತೆಗೆದುಕೊಂಡರೆ ಅದೇ ಸಂಭವ ಶೇ 64 ಆಗುತ್ತದೆ. ರಿಸ್ಕ್ ಕೆಟಗರಿ ಒಂದಕ್ಕೆ, ಅಂದರೆ ದಾಸ್ತಾನು ಶೆಡ್ಡು, ತೋಟದ ಕೊಟ್ಟಿಗೆಯಂಥವಕ್ಕೆ, 300 ವರ್ಷ. ಮನೆ, ಅಂಗಡಿ, ಕಚೇರಿಗಳಿರುವ ಕೆಟಗರಿ ಎರಡಕ್ಕೆ 700. ಹೆಚ್ಚು ಜನ ಸೇರುವ ಕೆಟಗರಿ ಮೂರಕ್ಕೆ 1700. ತುರ್ತು ಚಿಕಿತ್ಸೆಯ ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳ ಕೆಟಗರಿ ನಾಲ್ಕಕ್ಕೆ 7-10ರಲ್ಲಿ ಪ್ರತ್ಯೇಕ ನಕ್ಷೆ ಇರಲಿಲ್ಲ, ಮೂರಕ್ಕಿದ್ದ 1700ರದ್ದೇ ಇತ್ತು. 7-16ರಿಂದ ಅದಕ್ಕೆ 3000 ವರ್ಷದ ಬೇರೆ ನಕ್ಷೆ ಬಂತು. ಇನ್ನು ಚಂಡಮಾರುತದ ವೇಳೆ ಜನ ಆಶ್ರಯ ಪಡೆಯುವ ಶೆಲ್ಟರ್ ಆದರೆ ಲೆಕ್ಕ ಎಎಸ್‌ಸಿಇ 7ರ ಆಚೆಗೆ ಹೋಗುತ್ತದೆ. ಶೆಲ್ಟರುಗಳ ಮಾನಕವಾದ ಐಸಿಸಿ 500ರ ಹರಿಕೇನ್ ನಕ್ಷೆ 10,000 ವರ್ಷದ್ದು. ‘ಶಾಲೆ’ ಎಂದಷ್ಟೇ ಹೇಳಿ ಕಳಿಸಿದ ಕಟ್ಟಡದ ಜಿಮ್ ಹಾಲ್ ಶೆಲ್ಟರ್ ಕೂಡ ಹೌದು ಎಂದು ಕೊನೆಯ ವಾರದಲ್ಲಿ ತಿಳಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಟಿವಿಯಲ್ಲಿ ಬರುವ ವೇಗವನ್ನೂ ಇಲ್ಲಿಗೆ ಎಳೆದು ತರುತ್ತಾರೆ. ‘ಕೆಟಗರಿ 4ಕ್ಕೆ ತಡೆಯುವ ಹಾಗೆ ಮಾಡಿಕೊಡಿ, 130 ಹಾಕಿ’ ಎಂಬ ಬೇಡಿಕೆ ನಮಗೆ ಹೊಸದಲ್ಲ. ಚಂಡಮಾರುತಗಳ ಜೋರನ್ನು 1ರಿಂದ 5ರವರೆಗೆ ಅಳೆಯುವ ಸಫೀರ್–ಸಿಂಪ್ಸನ್ ಪ್ರಮಾಣದ 130 ಒಂದು ನಿಮಿಷದ ಸರಾಸರಿ, ಚಂಡಮಾರುತದ ಅತಿ ಜೋರಿನ ಜಾಗಕ್ಕೆ ಸೇರಿದ್ದು. ವಿನ್ಯಾಸದ ವೇಗ ನೆಲದ ಮೇಲಿನ ಬಯಲಿನಲ್ಲಿ 3 ಸೆಕೆಂಡಿನ ಗಸ್ಟ್. ನೀರಿನ ಮೇಲಿಂದ ನೆಲಕ್ಕೆ ಬಂದಾಗ ಗಾಳಿ ಸ್ವಲ್ಪ ಇಳಿಯುತ್ತದೆ, ಒಂದು ನಿಮಿಷದಿಂದ ಮೂರು ಸೆಕೆಂಡಿಗೆ ಬಂದಾಗ ಅಂಕಿ ಏರುತ್ತದೆ. ಎರಡೂ ಸೇರಿ ಕೊನೆಗೆ 130ಕ್ಕಿಂತ ಮೇಲೇ ಬರುತ್ತದೆ. ಚಂಡಮಾರುತದ ಕೆಟಗರಿಗೂ ಕಟ್ಟಡದ ರಿಸ್ಕ್ ಕೆಟಗರಿಗೂ ಯಾವ ನಂಟೂ ಇಲ್ಲ. ಎರಡನ್ನೂ ‘ಕೆಟಗರಿ’ ಎಂದೇ ಕರೆಯುವುದರಿಂದ ಫೋನಿನ ಮಾತಿನಲ್ಲಿ ಒಂದು ಇನ್ನೊಂದಾಗುತ್ತದೆ, ಅಷ್ಟೇ.

ಇನ್ನೊಂದು ವಾದ ಕೇಳಲು ಬಹಳ ಚೆನ್ನಾಗಿರುತ್ತದೆ: ‘ಪಕ್ಕದ ವಿಮಾನ ನಿಲ್ದಾಣದಲ್ಲಿ ಇಷ್ಟು ವರ್ಷದಲ್ಲಿ 95 ಮೈಲಿ ದಾಟಿಲ್ಲ, ಮತ್ತೇಕೆ 150?’ ಹರಿಕೇನ್ ಪ್ರದೇಶದಲ್ಲಿ ಈ ವಾದಕ್ಕೆ ಎಎಸ್‌ಸಿಇ 7 ಬಾಗಿಲು ಮುಚ್ಚಿದೆ. ಗಲ್ಫ್, ಅಟ್ಲಾಂಟಿಕ್ ಕರಾವಳಿ, ಕೆರಿಬಿಯನ್, ಹವಾಯಿಗಳಲ್ಲಿ ಸ್ಥಳೀಯ ಮಾಪಕದ ದಾಖಲೆ ಹಿಡಿದು ಹರಿಕೇನ್ ವೇಗ ನಿರ್ಧರಿಸುವಂತಿಲ್ಲ. ಕಾರಣ ಸ್ಪಷ್ಟ. ಚಂಡಮಾರುತದ ಅತಿ ಜೋರಿನ ಪಟ್ಟಿ ಕಿರಿದು. ಅದು ಒಂದು ಊರಿನ ಮಾಪಕದ ನೆತ್ತಿಯ ಮೇಲೇ ಹಾದುಹೋಗುವುದು ಅಪರೂಪ. ಹಾದುಹೋದ ದಿನ ಮಾಪಕವೇ ಮುರಿಯುವುದು, ಕರೆಂಟು ಹೋಗಿ ದಾಖಲೆ ನಿಲ್ಲುವುದು ಮಾಮೂಲು. ದಾಖಲೆಯಲ್ಲಿ ಉಳಿಯುವುದು ಬರದೇ ಹೋದ ಚಂಡಮಾರುತಗಳು. ಹೀಗಾಗಿ ನಕ್ಷೆಯನ್ನು ಬೇರೆ ದಾರಿಯಲ್ಲಿ ಮಾಡುತ್ತಾರೆ. ಚಂಡಮಾರುತಗಳ ಹುಟ್ಟು, ಹಾದಿ, ಕೇಂದ್ರದ ಒತ್ತಡ, ಗಾತ್ರ, ಸಾಗುವ ವೇಗಗಳ ಅಂಕಿಅಂಶದಿಂದ ಕಂಪ್ಯೂಟರಿನಲ್ಲಿ ಸಾವಿರಾರು ವರ್ಷಗಳ ಕೃತಕ ಚಂಡಮಾರುತಗಳನ್ನು ಹಾಯಿಸಿ, ಪ್ರತಿ ಜಾಗದ ವೇಗವನ್ನು ಎಣಿಸುತ್ತಾರೆ. ನಕ್ಷೆಯನ್ನು ಬಿಟ್ಟು ಬೇರೆ ವೇಗ ಬೇಕಿದ್ದರೆ ಅದೇ ಬಗೆಯ, ಒಪ್ಪಿಗೆ ಪಡೆದ ಸಿಮ್ಯುಲೇಶನ್ ಮಾಡಿಸಬೇಕು. ವಿಮಾನ ನಿಲ್ದಾಣದ ಎಕ್ಸೆಲ್ ಹಾಳೆ ಸಾಲದು.

ಜಾಗದ ವಿಷಯದಲ್ಲೂ ಸೋಮಾರಿತನ ಇದೆ. ಕರಾವಳಿಯಲ್ಲಿ ವೇಗದ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಕೌಂಟಿಗೊಂದು, ಪಿನ್‌ಕೋಡಿನಂಥ ಜಿಪ್ ಕೋಡಿಗೊಂದು ಅಂಕಿ ಇಟ್ಟುಕೊಂಡರೆ ಒಳನಾಡಿನ ಮಧ್ಯಬಿಂದುವಿನ ವೇಗ ಸಮುದ್ರದಂಚಿನ ಸೈಟಿಗೆ ಅಂಟಿಕೊಳ್ಳುತ್ತದೆ. 130ರ ಬದಲು 150 ಬರಬೇಕಿದ್ದರೆ ವೇಗದಲ್ಲಿ ವ್ಯತ್ಯಾಸ ಶೇ 15, ಒತ್ತಡದಲ್ಲಿ ಶೇ 33. ಅಕ್ಷಾಂಶ, ರೇಖಾಂಶ ಕೊಟ್ಟರೆ ಎಎಸ್‌ಸಿಇಯ ಹಜಾರ್ಡ್ ಟೂಲ್ ಎಂಬ ಜಾಲತಾಣ ಆ ಬಿಂದುವಿನ ವೇಗವನ್ನೇ ಕೊಡುತ್ತದೆ, ಆವೃತ್ತಿ ಮತ್ತು ರಿಸ್ಕ್ ಕೆಟಗರಿಯನ್ನು ಮೊದಲು ಕೇಳಿಕೊಂಡೇ ಕೊಡುತ್ತದೆ. ಕೊನೆಯ ಗೆರೆಯ ಆಚೆಗಿನ ದ್ವೀಪಕ್ಕೆ ಕೊನೆಯ ಗೆರೆಯ ವೇಗವೇ ಅನ್ವಯ, ಅಲ್ಲಿ ಊಹೆಗೆ ಜಾಗವಿಲ್ಲ. ಅದರ ಮೇಲೆ ಸ್ಥಳೀಯ ಕೋಡು ಏನು ಹೇಳುತ್ತದೆ ಎಂದೂ ನೋಡಬೇಕು. ಮಯಾಮಿ-ಡೇಡ್, ಬ್ರೋವರ್ಡ್ ಕೌಂಟಿಗಳು ಫ್ಲಾರಿಡಾ ಕೋಡಿನ ‘ಹೈ ವೆಲಾಸಿಟಿ ಹರಿಕೇನ್ ಝೋನ್’. ಆ ಕೋಡಿನ 2010ರ ಆವೃತ್ತಿಯಲ್ಲಿ ಮಯಾಮಿ-ಡೇಡಿನ ಕೆಟಗರಿ ಎರಡರ ಕಟ್ಟಡಕ್ಕೆ ಇಡೀ ಕೌಂಟಿಗೆ 175 ಎಂದೇ ಬರೆದುಬಿಟ್ಟಿದ್ದರು. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಅದೇ ಕೌಂಟಿಗೆ 146 ಇತ್ತು, ನಾಮಿನಲ್ ಲೆಕ್ಕದಲ್ಲಿ. 146ರಿಂದ 175ಕ್ಕೆ ‘ಏರಿಸಿದರು’ ಎಂದು ಗೊಣಗುವವರು 175ನ್ನು 0.775ರಿಂದ ಗುಣಿಸಿ ನೋಡಲಿ. 136 ಬರುತ್ತದೆ.

ಇನ್ನು ಎಕ್ಸ್‌ಪೋಶರ್. ಬಿ ಎಂದರೆ ಮನೆ ಮರಗಳು ಒತ್ತಾಗಿರುವ ನೆಲ, ಸಿ ಎಂದರೆ ತೆರೆದ ಬಯಲು, ಡಿ ಎಂದರೆ ತೆರೆದ ನೀರಿನಂಚು. ನಮ್ಮ ಅಭಿಪ್ರಾಯದಲ್ಲಿ ವೇಗದ ನಕ್ಷೆಗಿಂತ ಹೆಚ್ಚು ಕೈಚಳಕ ನಡೆಯುವುದು ಇಲ್ಲಿ. 140 ಮೈಲಿ, ಛಾವಣಿಯ ಸರಾಸರಿ ಎತ್ತರ 30 ಅಡಿ, ಸಮತಟ್ಟಾದ ನೆಲ. ದಿಕ್ಕಿನ ಗುಣಕ 0.85 ಸೇರಿಸಿದರೆ ಎಕ್ಸ್‌ಪೋಶರ್ ಬಿಯಲ್ಲಿ ವೆಲಾಸಿಟಿ ಪ್ರೆಶರ್ (ವೇಗದಿಂದ ಬರುವ ಮೂಲ ಒತ್ತಡ) ಚದರಡಿಗೆ ಸುಮಾರು 30 ಪೌಂಡ್, ಸಿಯಲ್ಲಿ 42, ಡಿಯಲ್ಲಿ 49.5. ಒಂದು ಅಕ್ಷರ ಬದಲಾದರೆ ಬಿಯಿಂದ ಡಿಗೆ ಶೇ 66 ಹೆಚ್ಚು. ವೇಗದಲ್ಲಿ ಇಷ್ಟು ವ್ಯತ್ಯಾಸ ಬರಬೇಕಿದ್ದರೆ 140 ಇದ್ದದ್ದು 180 ಆಗಬೇಕು! ಆದರೂ ವೇಗದ ಬಗ್ಗೆ ಮೂರು ಮೀಟಿಂಗ್ ಮಾಡುವವರು ಎಕ್ಸ್‌ಪೋಶರ್ ಬಿ ಎಂದು ಕಣ್ಣುಮುಚ್ಚಿ ಬರೆಯುತ್ತಾರೆ. ಬಿ ಎನ್ನಬೇಕಿದ್ದರೆ ಮನೆ ಮರಗಳು ಒತ್ತಾಗಿರುವ ನೆಲ ಗಾಳಿ ಬರುವ ದಿಕ್ಕಿನಲ್ಲಿ ಸಾಕಷ್ಟು ದೂರ ಹಬ್ಬಿರಬೇಕು: 30 ಅಡಿವರೆಗಿನ ಕಟ್ಟಡಕ್ಕೆ 1500 ಅಡಿ, ಅದಕ್ಕಿಂತ ಎತ್ತರದ್ದಾದರೆ 2600 ಅಡಿ ಅಥವಾ ಎತ್ತರದ 20 ಪಟ್ಟು, ಯಾವುದು ಹೆಚ್ಚೋ ಅದು. ನಡುವೆ ದೊಡ್ಡ ಪಾರ್ಕಿಂಗ್ ಬಯಲು, ಗಾಲ್ಫ್ ಮೈದಾನ, ಕೊಲ್ಲಿಯ ನೀರು ಬಂದರೆ ಕತೆ ಬೇರೆ. ಸಮುದ್ರದಂಚಿನಲ್ಲಿ 7-98ರಿಂದ 7-05ರವರೆಗೆ ಹರಿಕೇನ್ ಕರಾವಳಿಗೆ ಸಿ ಸಾಕು ಎಂದಿತ್ತು, ದೊಡ್ಡ ಅಲೆಗಳು ಗಾಳಿಯನ್ನು ತಡೆಯುತ್ತವೆ ಎಂಬ ನಂಬಿಕೆಯ ಮೇಲೆ. ಬಹಳ ಜೋರು ಗಾಳಿಯಲ್ಲಿ ಸಮುದ್ರದ ಮೇಲ್ಮೈ ಅಂದುಕೊಂಡಷ್ಟು ಒರಟಾಗುವುದಿಲ್ಲ ಎಂದು ಮುಂದಿನ ಸಂಶೋಧನೆ ತೋರಿಸಿತು, 7-10ರಲ್ಲಿ ಡಿ ಮರಳಿ ಬಂತು. ಹಳೆಯ ಡ್ರಾಯಿಂಗಿನ ‘ಸಿ’ಯನ್ನು ನಕಲು ಮಾಡುವವರು ಇದನ್ನು ಗಮನಿಸಿಲ್ಲ. ಡಿ ದಡದಿಂದ ಒಳಕ್ಕೂ 600 ಅಡಿ ಅಥವಾ ಎತ್ತರದ 20 ಪಟ್ಟು ಬರುತ್ತದೆ. ಮರಗಳ ಸಾಲನ್ನು ನೆಚ್ಚಿ ಬಿ ಎನ್ನುವವರಿಗೆ ನಮ್ಮ ಪ್ರಶ್ನೆ ಒಂದೇ: ಆ ಮರಗಳು ಯಾರ ಜಮೀನಿನಲ್ಲಿವೆ, ಮುಂದಿನ ಹತ್ತು ವರ್ಷ ಅಲ್ಲೇ ಇರುತ್ತವೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಗುಡ್ಡದ ಗುಣಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದ್ವೀಪಗಳಲ್ಲಿ ಅದನ್ನು ಮರೆಯುವುದು ಅಪಾಯ. ಗುಡ್ಡದ ಪರಿಣಾಮ ಆಗಲೇ ಸೇರಿರುವ ನಕ್ಷೆಯಾದರೆ ಮತ್ತೆ ಸೇರಿಸುವುದು ದಂಡ. ನಕ್ಷೆಯ ಅಡಿಯ ಟಿಪ್ಪಣಿ ಓದಿದರೆ ಸಂಶಯ ತೀರುತ್ತದೆ.

ಈಗ ಈ ಪತ್ರಕ್ಕೆ ಮುಖ್ಯ ಕಾರಣವಾದ ದೂರಿಗೆ ಬರುತ್ತೇವೆ. ಒಂದು ಆವೃತ್ತಿಯ ವೇಗ, ಇನ್ನೊಂದು ಆವೃತ್ತಿಯ ಕೋಎಫಿಶಿಯೆಂಟ್ (ಒತ್ತಡದ ಗುಣಕ). 7-16ರಲ್ಲಿ ಕೆಲವು ಕಡೆ ವೇಗ ಇಳಿಯಿತು. ಅದೇ ಆವೃತ್ತಿಯಲ್ಲಿ ಛಾವಣಿಯ ಕ್ಲಾಡಿಂಗಿಗೆ, ಅಂದರೆ ಹೊರಹೊದಿಕೆಗೆ, ಸೇರಿದ ಕೋಎಫಿಶಿಯೆಂಟ್‌ಗಳು ಏರಿದವು. 60 ಅಡಿ ಒಳಗಿನ ಚಪ್ಪಟೆ ಛಾವಣಿಯಲ್ಲಿ, 10 ಚದರಡಿಯ ಪರಿಣಾಮಿ ವಿಸ್ತೀರ್ಣಕ್ಕೆ, 7-10ರಲ್ಲಿ ಅಂಚಿನಿಂದ ಒಳಗಿರುವ ಒಂದನೆಯ ಝೋನಿಗೆ ಮೈನಸ್ 1.0 (ಮೈನಸ್ ಎಂದರೆ ಮೇಲಕ್ಕೆ ಎಳೆತ) ಇದ್ದದ್ದು 7-16ರಲ್ಲಿ ಮೈನಸ್ 1.7 ಆಯಿತು. ಅಂಚಿನ ಎರಡನೆಯ ಝೋನಿಗೆ 1.8 ಹೋಗಿ 2.3, ಮೂಲೆಯ ಮೂರನೆಯದಕ್ಕೆ 2.8 ಹೋಗಿ 3.2. ಛಾವಣಿಯ ನಟ್ಟನಡುವೆ 1 ಪ್ರೈಮ್ ಎಂಬ ಹೊಸ ಝೋನು ಬಂತು, ಅದಕ್ಕೆ ಮೈನಸ್ 0.9. ಮೇಲೆ ಹೇಳಿದ ಎಕ್ಸ್‌ಪೋಶರ್ ಸಿಯ 42 ಪೌಂಡನ್ನೇ ಹಿಡಿದರೆ, ಒಳಒತ್ತಡದ 0.18 ಸೇರಿಸಿ, ಒಂದನೆಯ ಝೋನಿನ ಎಳೆತ ಹಳೆಯ ಲೆಕ್ಕದಲ್ಲಿ ಚದರಡಿಗೆ 49 ಪೌಂಡ್, ಹೊಸದರಲ್ಲಿ 79. ‘ಹೊಸ ನಕ್ಷೆಯಲ್ಲಿ ವೇಗ ಕಡಿಮೆ ಇದೆಯಲ್ಲ, ಅಷ್ಟು ಮಾತ್ರ ಬದಲಿಸಿ’ ಎಂಬ ಸೂಚನೆ ಬಂದರೆ ಎರಡೂ ಆವೃತ್ತಿಗಳ ಲಾಭವನ್ನು ಆಯ್ದು ತಿಂದಂತೆ. ಅದು ಯಾವ ಕೋಡಿನ ವಿನ್ಯಾಸವೂ ಅಲ್ಲ. 7-22ರಲ್ಲಿ ಹರಿಕೇನ್ ನಕ್ಷೆಗಳು ಮತ್ತೆ ಬದಲಾಗಿವೆ, ದಿಕ್ಕಿನ ಗುಣಕ ಸೂತ್ರದೊಳಗೆ ಬೇರೆ ಜಾಗಕ್ಕೆ ಹೋಗಿದೆ. ಹಳೆಯ ಎಕ್ಸೆಲ್ ಹಾಳೆಯಲ್ಲಿ ಹೊಸ ಸೂತ್ರವನ್ನು ಅರ್ಧ ಮಾತ್ರ ತಿದ್ದಿದರೆ 0.85 ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಫ್ಲಾರಿಡಾದಲ್ಲಿ 2023ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಎಂಟನೆಯ ಆವೃತ್ತಿ 7-22ನ್ನು ಹಿಡಿದಿದೆ. ಎಲ್ಲ ರಾಜ್ಯಗಳೂ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಆದ್ದರಿಂದ ಆವೃತ್ತಿಯನ್ನು ಊಹಿಸುವ ಕೆಲಸ ನಮ್ಮ ಮೇಲೆ ಹಾಕಬೇಡಿ.

ವೇಗದ ಅಂಕಿ ಕಿಟಕಿಯನ್ನೂ ತೀರ್ಮಾನಿಸುತ್ತದೆ. 140 ಅಥವಾ ಅದಕ್ಕಿಂತ ಹೆಚ್ಚಿರುವ ಹರಿಕೇನ್ ಪ್ರದೇಶವೆಲ್ಲ ಗಾಳಿಯಲ್ಲಿ ಹಾರುವ ಅವಶೇಷಗಳ ವಲಯ. ಎಕ್ಸ್‌ಪೋಶರ್ ಡಿ ಇರುವ ದಡದಿಂದ ಒಂದು ಮೈಲಿ ಒಳಗಾದರೆ 130ಕ್ಕೇ ಆ ವಲಯ ಶುರು. ಅಲ್ಲಿ ಗಾಜು ಪೆಟ್ಟು ತಡೆಯುವಂಥದ್ದಾಗಿರಬೇಕು, ಇಲ್ಲವೇ ಮೇಲೆ ಶಟರ್ ಬೇಕು. ನೆಲದಿಂದ 30 ಅಡಿ ಒಳಗಿನ ಸಾಮಾನ್ಯ ಕಟ್ಟಡದ ಗಾಜಿಗೆ ಪರೀಕ್ಷೆ ಏನೆಂದರೆ, 9 ಪೌಂಡಿನ, ಎರಡು-ನಾಲ್ಕು ಇಂಚಿನ ಮರದ ತುಂಡನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ನೇರವಾಗಿ ಹೊಡೆಯುತ್ತಾರೆ, ಆಮೇಲೆ ಅದೇ ಗಾಜಿನ ಮೇಲೆ ಒತ್ತಡವನ್ನು ಸಾವಿರಾರು ಸಲ ಹಿಂದೆಮುಂದೆ ಮಾಡುತ್ತಾರೆ. ಗಾಜು ಬಿರಿಯಬಹುದು, ಆದರೆ ತೂತಾಗಿ ಗಾಳಿ ಒಳನುಗ್ಗಬಾರದು. ನುಗ್ಗಿದರೆ ಒಳಒತ್ತಡದ ಕೋಎಫಿಶಿಯೆಂಟ್ 0.18 ಹೋಗಿ 0.55 ಆಗುತ್ತದೆ, ಮೇಲೆ ಲೆಕ್ಕ ಹಾಕಿದ 79 ಪೌಂಡು 94ಕ್ಕೆ ಏರುತ್ತದೆ. 139 ಎಂದು ಓದಿಕೊಂಡು ಮಾಮೂಲಿ ಗಾಜು ಹಾಕಿಸಿದರೆ ಛಾವಣಿಯ ಸ್ಕ್ರೂಗಳ ಲೆಕ್ಕವೂ ಅದರೊಂದಿಗೇ ಸುಳ್ಳಾಗುತ್ತದೆ. ಗೆರೆಯ ಹತ್ತಿರ ಇರುವ ಸೈಟಿನಲ್ಲಿ ಒಂದು ಮೈಲಿ ವೇಗಕ್ಕೆ ಜಗ್ಗಾಡಬೇಡಿ, ಗಾಜನ್ನು ಬದಲಿಸಿ.

ಇಲ್ಲೇ ಇನ್ನೊಂದು ಗೊಂದಲ. ಕಿಟಕಿಯ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ‘ಡಿಪಿ +50/−60’ ಎಂದಿರುತ್ತದೆ. ಅದು ಸರ್ವಿಸ್ ಮಟ್ಟದ ವಿನ್ಯಾಸ ಒತ್ತಡ, ಪರೀಕ್ಷೆ ಮಾಡಿರುವುದು ಅದರ ಒಂದೂವರೆ ಪಟ್ಟಿಗೆ. ನಮ್ಮ ಟೇಬಲ್ಲಿನಲ್ಲಿ ಅಲ್ಟಿಮೇಟ್ 85 ಎಂದಿದ್ದರೆ ಹೋಲಿಸಬೇಕಾದದ್ದು ಅದರ 0.6 ಪಟ್ಟು, ಅಂದರೆ 51. ಟೇಬಲ್ಲಿನ ತಲೆಯಲ್ಲಿ ಯಾವ ಮಟ್ಟದ್ದೆಂದು ಬರೆಯದೇ ಹೋದರೆ ಸರಿಯಾದ ಕಿಟಕಿಯನ್ನು ತಿರಸ್ಕರಿಸುತ್ತಾರೆ. ಉಲ್ಟಾ ಆದರೆ, ಸರ್ವಿಸ್ 85ನ್ನು ಅಲ್ಟಿಮೇಟ್ ಎಂದು ಓದಿ 51ಕ್ಕೆ ಸಾಕಾಗುವ ಕಿಟಕಿಯನ್ನು ಕೂರಿಸುತ್ತಾರೆ. ಶಾಪ್ ಡ್ರಾಯಿಂಗ್ ಹಂತದಲ್ಲಿ ಬರುವ, ಸ್ಪಷ್ಟನೆ ಕೇಳುವ ಆರ್‌ಎಫ್‌ಐಗಳಲ್ಲಿ ಎಷ್ಟೋ ಪಾಲು ಈ ಒಂದು ಶೀರ್ಷಿಕೆಯ ಕೊರತೆಯಿಂದ ಹುಟ್ಟಿದವು. ಡ್ರಿಫ್ಟ್ ವಿಷಯದಲ್ಲೂ ಅಷ್ಟೇ. 700 ವರ್ಷದ ಗಾಳಿಗೆ ಫ್ರೇಮಿನ ಓಲಾಟವನ್ನು ಎತ್ತರದ 400ನೆಯ ಒಂದು ಭಾಗಕ್ಕೆ ಹಿಡಿದಿಡಿ ಎಂದು ಕೇಳುವವರಿದ್ದಾರೆ. ಓಲಾಟದ ಪರೀಕ್ಷೆಗೆಂದೇ 10, 25, 50, 100 ವರ್ಷದ ನಕ್ಷೆಗಳನ್ನು ವ್ಯಾಖ್ಯಾನ ಭಾಗದಲ್ಲಿ ಕೊಟ್ಟಿದ್ದಾರೆ.

ನಾವು ಕೇಳುತ್ತಿರುವುದು ಹೊಸ ನಿಯಮವಲ್ಲ. ಅಂತರರಾಷ್ಟ್ರೀಯ ಕಟ್ಟಡ ಕೋಡಿನ 1603.1.4ನೆಯ ಕಲಂ ಡ್ರಾಯಿಂಗಿನ ಮೇಲೆ ಏನೇನು ಇರಬೇಕು ಎಂದು ಹೇಳಿಯೇ ಇದೆ: ವಿನ್ಯಾಸ ವೇಗ ಮತ್ತು ಅದರ ಸರ್ವಿಸ್ ರೂಪ, ಎರಡೂ ಹೆಸರು ಹೇಳಿ, ರಿಸ್ಕ್ ಕೆಟಗರಿ, ಎಕ್ಸ್‌ಪೋಶರ್, ದಿಕ್ಕಿನಿಂದ ದಿಕ್ಕಿಗೆ ಬೇರೆಯಿದ್ದರೆ ಬೇರೆಬೇರೆಯಾಗಿ, ಒಳಒತ್ತಡದ ಕೋಎಫಿಶಿಯೆಂಟ್, ಕ್ಲಾಡಿಂಗಿನ ಒತ್ತಡಗಳು. ಇದ್ದ ನಿಯಮವನ್ನು ಪಾಲಿಸಿ ಎಂದಷ್ಟೇ ನಮ್ಮ ವಿನಂತಿ.

ವಿನ್ಯಾಸ ಕಚೇರಿಗಳ ಮುಖ್ಯಸ್ಥರೇ, ಕೆಲಸ ಒಪ್ಪಿಸುವ ಮೊದಲ ಮೇಲ್‌ನಲ್ಲೇ ಸೈಟಿನ ಅಕ್ಷಾಂಶ-ರೇಖಾಂಶ, ಸ್ಥಳೀಯವಾಗಿ ಜಾರಿಯಲ್ಲಿರುವ ಕೋಡಿನ ಆವೃತ್ತಿ, ರಿಸ್ಕ್ ಕೆಟಗರಿ, ಕಟ್ಟಡದ ಯಾವ ಭಾಗವಾದರೂ ಶೆಲ್ಟರ್ ಆಗಿದೆಯೇ ಎಂಬುದನ್ನು ಕೊಡಿ. ಹಜಾರ್ಡ್ ಟೂಲ್‌ನ ಪಿಡಿಎಫ್ ಲಗತ್ತಿಸಿ. ಎಕ್ಸ್‌ಪೋಶರ್ ಅನ್ನು ಉಪಗ್ರಹ ಚಿತ್ರದ ಮೇಲೆ ನಾಲ್ಕು ದಿಕ್ಕಿಗೂ ಗೆರೆ ಎಳೆದು, ದೂರ ಬರೆದು ಕಳಿಸಿ. ಲೆಕ್ಕ ಹಾಕುವವರು ಸಾವಿರಾರು ಮೈಲಿ ದೂರದಲ್ಲಿ ಕೂತಿರುತ್ತಾರೆ, ಅವರಿಗೆ ಆ ದಡ ಕಾಣುವುದಿಲ್ಲ. ನಡುವೆ ಆವೃತ್ತಿ ಬದಲಾದರೆ ವೇಗವೊಂದನ್ನೇ ಬದಲಿಸಲು ಹೇಳಬೇಡಿ, ಇಡೀ ಗಾಳಿಲೆಕ್ಕವನ್ನು ಮೊದಲಿಂದ ಹಾಕಲು ಸಮಯವನ್ನೂ ಹಣವನ್ನೂ ಕೊಡಿ. ‘140 ಅಲ್ಟಿಮೇಟೋ ನಾಮಿನಲ್ಲೋ’ ಎಂದು ಕೇಳಿದ ಎಂಜಿನಿಯರಿನ ಹೆಸರಿನ ಮುಂದೆ ‘ವಿಳಂಬ’ ಎಂದು ಗುರುತು ಹಾಕುವುದನ್ನು ನಿಲ್ಲಿಸಿ.

ಪ್ಲಾನ್ ರಿವ್ಯೂ ಅಧಿಕಾರಿಗಳೇ, ಬರೀ ಅಂಕಿ ಇರುವ ಶೀಟನ್ನು ಒಳಗೆ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಿ. ಲೆಕ್ಕದ ನೂರು ಪುಟ ಓದಲು ನಿಮಗೆ ಪುರಸೊತ್ತಿಲ್ಲ ಎಂದು ನಮಗೆ ಗೊತ್ತು. ಮೂರು ಸಂಗತಿ ನೋಡಿದರೆ ದೊಡ್ಡ ತಪ್ಪುಗಳಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ: ವೇಗದ ಪಕ್ಕದ ಆವೃತ್ತಿಗೂ ಛಾವಣಿ ಝೋನುಗಳ ಆಕಾರಕ್ಕೂ ತಾಳೆ ಇದೆಯೇ, ಲೋಡ್ ಕಾಂಬಿನೇಶನ್‌ನಲ್ಲಿ ಗಾಳಿಗೆ 1.0 ಇದೆಯೋ 1.6 ಇದೆಯೋ, ಕಿಟಕಿ-ಬಾಗಿಲುಗಳ ಒತ್ತಡದ ಟೇಬಲ್ಲಿಗೆ ಶೀರ್ಷಿಕೆ ಇದೆಯೇ.

ಲೆಕ್ಕ ಹಾಕುವ ಗೆಳೆಯರೇ, ಮೇಲಿನವರು ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ, ಉತ್ತರ ಬರುವವರೆಗೆ ಡೆಕ್ಕಿನ ಫಾಸ್ಟನರ್ ಶೆಡ್ಯೂಲ್ ಬಿಡುಗಡೆ ಮಾಡಬೇಡಿ. ನೀವು ಊಹಿಸಿ ಮುಂದುವರಿದರೆ ಆ ಊಹೆ ನಾಳೆ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ನಿಮ್ಮ ಎಕ್ಸೆಲ್ ಹಾಳೆಯ ಮೊದಲ ಸೆಲ್ಲಿನಲ್ಲಿ ಆವೃತ್ತಿಯ ಹೆಸರಿರಲಿ, ಅದು ಖಾಲಿಯಿದ್ದರೆ ಕೆಳಗಿನ ಯಾವ ಉತ್ತರವೂ ಬರದಂತೆ ಸೂತ್ರ ಕಟ್ಟಿಡಿ.

ಇಂತಿ ತಮ್ಮ ವಿಶ್ವಾಸಿಗಳು,
ಹರಿಕೇನ್ ಕರಾವಳಿಯ ಕಟ್ಟಡಗಳಿಗೆ ಗಾಳಿಯ ಲೆಕ್ಕ ಹಾಕುವ ಕೆಲವು ಸ್ಟ್ರಕ್ಚರಲ್ ಎಂಜಿನಿಯರುಗಳು